ರುದ್ರಿ ಅರ್ಧಕ್ಕೆ ಬಿಟ್ಟ ಸೆರಗು

ತಿಪ್ಪೇರುದ್ರಮ್ಮ ಎಂಬ ಪೂರ್ತಿ ಹೆಸರು ಅವಳ ಅಂಕಪಟ್ಟಿಯಲ್ಲಿ ಮಾತ್ರ ಇತ್ತು. ಮೊಳಕಾಲ್ಮೂರಿನ ಮನೆಯಲ್ಲಿ, ಚಳ್ಳಕೆರೆಯಲ್ಲಿ ನಾವಿಬ್ಬರೂ ಪಾಠ ಹೇಳುತ್ತಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ಅವಳು ರುದ್ರಿ. ಅವಳು ಹೋಗಿ ವರ್ಷವಾಗುತ್ತಾ ಬಂತು. ಅವಳ ಬಗ್ಗೆ ಬರೆಯಲು ಕೂತರೆ, ಬೇರೆಯವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಅವಳು ಹೇಗೆ ನೋಡಿಕೊಂಡಳು ಎನ್ನುವುದೇ ಮೊದಲು ನೆನಪಿಗೆ ಬರುತ್ತದೆ.

ಅವಳ ತಾಯಿ ದುರುಗಕ್ಕ ರೇಷ್ಮೆ ಸೀರೆ ನೇಯುವವರು. ಸೀರೆಯ ಅಂಚಿನಲ್ಲಿ ಬರುವ ಗಿಳಿ, ಹೂವು, ಹಣ್ಣುಗಳನ್ನು ಮೊದಲು ಗ್ರಾಫ್ ಹಾಳೆಯ ಚೌಕಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಬರೆದುಕೊಳ್ಳಬೇಕು. ಆ ಹಾಳೆಯಂತೆ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಸಿ ಮಗ್ಗದ ಮೇಲೆ ಏರಿಸಿದರೆ ಚಿತ್ರ ಬಟ್ಟೆಗೆ ಇಳಿಯುತ್ತದೆ. ದುರುಗಕ್ಕನ ಕಣ್ಣು ಮಂಜಾಗತೊಡಗಿದಾಗ ಆ ಸಣ್ಣ ಚೌಕಗಳು ಒಂದರೊಳಗೊಂದು ಸೇರಿಹೋಗುತ್ತಿದ್ದವಂತೆ. ಬರೆಯುವ ಕೆಲಸವನ್ನಾದರೂ ಕಂಪ್ಯೂಟರಿಗೆ ಒಪ್ಪಿಸಬಹುದೇ ಎಂದು ರುದ್ರಿ ಹುಡುಕುತ್ತಾ ಹೋಗಿ, 2006ರಲ್ಲಿ 'ಎಳೆ' ಎಂಬ ತಂತ್ರಾಂಶವನ್ನು ಕಂಡುಕೊಂಡಳು. ನನ್ನನ್ನೂ ಅದಕ್ಕೆ ಎಳೆದಳು.

'ಎಳೆ' ಯಾರೊಬ್ಬರ ಸ್ವತ್ತೂ ಅಲ್ಲ. ಅದರ ಒಳಗೆ ಬರೆದದ್ದನ್ನೆಲ್ಲ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಮೈಸೂರಿನ ಪ್ರದೀಪ್ ಅದರ ಉಸ್ತುವಾರಿ; ಉಳಿದವರು ಊರೂರುಗಳಲ್ಲಿ ಕೂತು ಬಿಡುವಾದಾಗ ಕೆಲಸ ಮಾಡುವವರು, ಒಬ್ಬರ ಮುಖ ಒಬ್ಬರು ಕಾಣದವರು. ಎಲ್ಲರೂ ಬಳಸುವ ಪ್ರತಿ ಒಂದೇ. ಅದನ್ನು 'ಮುಖ್ಯ' ಎನ್ನುತ್ತಿದ್ದೆವು. ಹೊಸದೇನಾದರೂ ಮಾಡುವವರು ಅದರಿಂದ ತಮ್ಮದೊಂದು ನಕಲು, ಅಂದರೆ ಬ್ರ್ಯಾಂಚ್, ತೆಗೆದುಕೊಂಡು, ಅಲ್ಲಿ ಕೆಡಿಸಿ ಕಟ್ಟಿ, ಕೆಲಸ ಸರಿಬಂದ ಮೇಲೆ ಮುಖ್ಯಕ್ಕೆ ಸೇರಿಸಬೇಕು.

ರುದ್ರಿ ಶುರುವಿನಲ್ಲೇ ಎಡವಿದಳು. ಚಳ್ಳಕೆರೆಯಲ್ಲಿ ಕರೆಂಟು ಹೋಗುವ ಹೊತ್ತು ನಮಗೆಲ್ಲ ಬಾಯಿಪಾಠ. ಹೋಗುವುದರೊಳಗೆ ಮಾಡಿದಷ್ಟನ್ನು ಕಳಿಸಿಬಿಡುವುದು ರೂಢಿ. ಒಂದು ಮಧ್ಯಾಹ್ನ ಆ ಗಡಿಬಿಡಿಯಲ್ಲಿ ಅವಳು ಅರೆಬರೆ ಕೆಲಸವನ್ನು ತನ್ನ ಬ್ರ್ಯಾಂಚಿಗೆ ಕಳಿಸುವ ಬದಲು ಮುಖ್ಯಕ್ಕೇ ಕಳಿಸಿದಳು. ಯಾರೂ ಗಮನಿಸಲಿಲ್ಲ. ಕೆಲವು ವಾರಗಳ ನಂತರ ಅವಳು ಊರಿಗೆ ಹೋದಾಗ ನಾನೂ ಜೊತೆಗಿದ್ದೆ. ಮಗ್ಗದ ಮೇಲೆ ಒಂದು ಗೇಣು ಅಂಚು ಎದ್ದಿತ್ತು, ಅದರ ತುಂಬ ತಲೆಕೆಳಗಾದ ಗಿಳಿಗಳು. ಅವಸರದಲ್ಲಿ ತಾನು ಮುಖ್ಯಕ್ಕೆ ಕಳಿಸಿದ್ದ ಅರೆಬರೆ ಕೆಲಸವೇ ಇಲ್ಲಿಗೆ ಬಂದಿದೆ ಎಂದು ರುದ್ರಿಗೆ ಹೊಳೆಯಿತು. ದುರುಗಕ್ಕ ಬಟ್ಟೆಯನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿ, ನಿಧಾನಕ್ಕೆ ಹೇಳಿದರು.

"ಹಣ್ಣು ತಿನ್ನಾಕೆ ಗಿಳಿ ಹಿಂಗೇ ಜೋತುಬೀಳ್ತಾವಲ್ಲೇ. ನೀನು ಕೊಂಬೆ ಬರ್ದಿಲ್ಲ, ಅಷ್ಟೆ."

ನಾವು ನಕ್ಕೆವು. ರುದ್ರಿ ನಗಲಿಲ್ಲ. ಮಗ್ಗದ ಮುಂದೆ ಕೂತು, ತಾಯಿಯ ಜೊತೆ ಅಷ್ಟೂ ನೇಯ್ಗೆಯನ್ನು ಬಿಚ್ಚಿದಳು. ಸೋಮವಾರ ಸೆಂಟರಿಗೆ ಬಂದವಳೇ ಎಲ್ಲರಿಗೂ ತಪ್ಪಾಯಿತೆಂದು ಬರೆದು, ಇನ್ನು ಮುಂದೆ ಅರ್ಧವಾದ ಕೆಲಸಗಳನ್ನು ನೋಡಿಕೊಳ್ಳುವುದು ತನ್ನ ಪಾಲಿಗಿರಲಿ ಎಂದಳು. ಯಾರಿಗೂ ಬೇಡದ ಕೆಲಸ ಅದು. ಪ್ರದೀಪ್ ತಕ್ಷಣ ಒಪ್ಪಿದರು.

ಅರ್ಧಕ್ಕೆ ನಿಂತ ಬ್ರ್ಯಾಂಚ್ ಸುಮ್ಮನೆ ಇರುವುದಿಲ್ಲ, ಹಿಂದೆ ಬೀಳುತ್ತದೆ. ಮುಖ್ಯ ಪ್ರತಿ ದಿನದಿಂದ ದಿನಕ್ಕೆ ಬದಲಾಗುತ್ತಾ ಹೋದ ಹಾಗೆ ಇದು ಅದಕ್ಕೆ ಹೊಂದದಂತಾಗಿ, ಕೊನೆಗೆ ಒಡೆಯನೇ ಬಂದರೂ ಸೇರಿಸಲಾಗದು. ರುದ್ರಿ ಪ್ರತಿ ವಾರ ಮುಖ್ಯದಲ್ಲಾದ ಬದಲಾವಣೆಗಳನ್ನು, ಕಾಣೆಯಾದವರ ಬ್ರ್ಯಾಂಚುಗಳಿಗೆ ತಂದು ಹೊಂದಿಸುತ್ತಿದ್ದಳು. ಅವರಿಗೆ ಬರೆಯುವಾಗ ಕೆಲಸ ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಿರಲಿಲ್ಲ. ಆರೋಗ್ಯವೇ, ಮನೆಯಲ್ಲಿ ಎಲ್ಲ ಸರಿಯೇ ಎಂದು ಕೇಳುತ್ತಿದ್ದಳು.

ಇಷ್ಟರ ನಡುವೆ ಅವಳದೇ ಬ್ರ್ಯಾಂಚ್ ನಿಂತುಹೋಗಿತ್ತು. ಅದರ ಹೆಸರು 'ಸೆರಗು'. 'ಎಳೆ' ನೇರವಾದ ಅಂಚನ್ನು ಚೆನ್ನಾಗಿ ಬರೆಯುತ್ತಿತ್ತು. ಅಂಚು ಸೆರಗಿಗೆ ತಿರುಗುವ ಮೂಲೆ ಬಂದರೆ ಗಿಳಿ ಮುರಿದುಹೋಗುತ್ತಿತ್ತು. ಆ ಮೂಲೆಯನ್ನು ಮಾತ್ರ ದುರುಗಕ್ಕ ಈಗಲೂ ಮಂಜು ಕಣ್ಣಲ್ಲಿ ಹಾಳೆಯ ಮೇಲೆ ಬರೆಯಬೇಕಿತ್ತು. ಅದನ್ನು ತಪ್ಪಿಸುವುದೇ ರುದ್ರಿಯ ಆಸೆ.

"ಊರೋರ ಮಕ್ಕಳಿಗೆಲ್ಲ ಎಣ್ಣೆ ನೀರು ಹಾಕ್ತೀಯ. ನಿನ್ನ ಮಗು ಮೂಗು ಒರ್ಸೋರು ಯಾರೇ?" ಎಂದು ನಾನು ರೇಗಿಸುತ್ತಿದ್ದೆ.

"ಅದು ಅಳಲ್ಲ ಬಿಡೆ," ಎನ್ನುತ್ತಿದ್ದಳು.

ಅವರ ಮನೆಯಲ್ಲಿ ಒಂದು ರೂಢಿಯಿತ್ತು. ನೇಯುತ್ತಿದ್ದವರು ಬಾಣಂತನಕ್ಕೋ ಕಾಯಿಲೆಗೋ ಅರ್ಧಕ್ಕೆ ಎದ್ದರೆ ಬೇರೆಯವರು ಕೂರುತ್ತಾರೆ. ಒಬ್ಬೊಬ್ಬರ ಕೈಬಿಗಿ ಒಂದೊಂದು ಥರ. ಅದಕ್ಕೇ ಹೊಸಬರು ಕೂರುವ ಮೊದಲು, ಹಿಂದಿನವರು ಬಿಟ್ಟ ಜಾಗದಲ್ಲಿ ಬಟ್ಟೆಯ ಬದಿಗೆ ಒಂದು ಕೆಂಪು ಎಳೆ ಕಟ್ಟುತ್ತಾರೆ. ಇಲ್ಲಿಂದ ಬೇರೆ ಕೈ ಎಂದು ಅದರ ಅರ್ಥ. ಒಬ್ಬರ ತಪ್ಪು ಇನ್ನೊಬ್ಬರ ತಲೆಗೆ ಬರಬಾರದು, ಒಬ್ಬರ ಕೆಲಸ ಇನ್ನೊಬ್ಬರ ಹೆಸರಿಗೆ ಹೋಗಬಾರದು. ಸೀರೆ ಮಗ್ಗದಿಂದ ಇಳಿದ ಮೇಲೆ ಎಳೆಯನ್ನು ಬಿಚ್ಚಿಬಿಡುತ್ತಾರೆ. ರುದ್ರಿ ಇದನ್ನೇ 'ಎಳೆ'ಗೂ ತಂದಳು. ಇನ್ನೊಬ್ಬರ ಬ್ರ್ಯಾಂಚನ್ನು ಮುಂದುವರಿಸುವವರು ಏನನ್ನೂ ಮುಟ್ಟುವ ಮೊದಲು ಅಲ್ಲಿ ಒಂದು ಸಾಲು ಬರೆಯಬೇಕು: ಕೈ ಬದಲಾಯಿತು, ಇವರಿಂದ ಇವರಿಗೆ.

ಪ್ರದೀಪ್‌ಗೆ ಇದೆಲ್ಲ ಅತಿಯೆನಿಸಿದ್ದುಂಟು. ಆರು ತಿಂಗಳು ಯಾರೂ ಮುಟ್ಟದ ಬ್ರ್ಯಾಂಚುಗಳನ್ನು ಅಳಿಸಿಹಾಕೋಣ, ಹಿತ್ತಲಲ್ಲಿ ಹಳೇ ಸಾಮಾನು ಪೇರಿಸಿಟ್ಟ ಹಾಗಾಗಿದೆ ಎಂದು ಒಮ್ಮೆ ಬರೆದರು. ರುದ್ರಿ ಫೋನ್ ಮಾಡಿ ಒಬ್ಬೊಬ್ಬರ ಸಂಗತಿಯನ್ನೂ ಹೇಳಿದಳು. ಕೇರಳದವರೊಬ್ಬರು ಹೆಂಡತಿಯ ಆರೈಕೆಯಲ್ಲಿದ್ದರು, ಇನ್ನೊಬ್ಬರಿಗೆ ಕೆಲಸ ಹೋಗಿತ್ತು. ಪ್ರದೀಪ್ ಅಳಿಸುವುದನ್ನು ಕೈಬಿಟ್ಟರು. ಮುಂದಿನ ಬೇಸಿಗೆಯಲ್ಲಿ ಆ ಕೇರಳದವರು ಹಿಂದಿರುಗಿದಾಗ, ಅವರ ಬ್ರ್ಯಾಂಚ್ ನಿನ್ನೆ ಬಿಟ್ಟು ಎದ್ದಂತೆ ಹೊಂದಿಕೊಂಡು ಕೂತಿತ್ತು. ಯಾರೋ ತಮಗಾಗಿ ಕುರ್ಚಿ ಹಿಡಿದಿಟ್ಟಿದ್ದರು ಎಂದು ಅವರು ಬರೆದರು.

2009ರಲ್ಲಿ ರುದ್ರಿಯ ಮೂತ್ರಪಿಂಡಗಳು ಕೈಕೊಟ್ಟವು. ವಾರವಾರ ದಾವಣಗೆರೆಗೆ ಓಡಾಟ. ದುರುಗಕ್ಕ ಮಗ್ಗ ಬಿಟ್ಟು ಜೊತೆಗೆ ಹೋಗುತ್ತಿದ್ದರು, ರಜೆ ಸಿಕ್ಕಾಗ ನಾನೂ. ಒಂದು ದಿನ ಆಸ್ಪತ್ರೆಯ ಜಗಲಿಯ ಬಿಸಿಲಲ್ಲಿ ಕೂತಿದ್ದಾಗ, ನಾನು ಕೇಳದೆಯೇ ಅವಳು ಸೆರಗಿನ ಮಾತು ತೆಗೆದಳು.

"ತ್ರಿವೇಣಿ, ನನ್ನ ಬ್ರ್ಯಾಂಚಿಗೆ ದೀಪ ಹಚ್ಚಿ ಇಡಬೇಡ ಕಣೆ."

"ನೀನೇ ಮುಗಿಸ್ತೀಯ, ಸುಮ್ನಿರು."

"ಅವ್ವನ ಕಣ್ಣು ಕಾಯ್ಕಂಡು ಕೂರಲ್ಲ. ನೀನು ಕೂತು ನೇಯಿ."

ಕಾರ್ತಿಕದಲ್ಲಿ ಹೋದಳು. ಮೂವತ್ತೊಂದು ವಯಸ್ಸು.

ಅವಳ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ವಾರ ಎಲ್ಲರ ಬ್ರ್ಯಾಂಚುಗಳ ಜೊತೆ 'ಸೆರಗ'ನ್ನೂ ಮುಖ್ಯಕ್ಕೆ ಹೊಂದಿಸುತ್ತಿದ್ದೆ. ಅಲ್ಲಿ ನನ್ನದೊಂದು ಅಕ್ಷರ ಸೇರಿಸಲು ಮಾತ್ರ ಆಗಲಿಲ್ಲ. ಅವಳು ಕೊನೆಯದಾಗಿ ಬರೆದ ಸಾಲು ಅರ್ಧದಲ್ಲಿ ನಿಂತಿತ್ತು. ಅದರ ಮುಂದೆ ನಾನು ಬರೆದರೆ ಅದು ಅವಳ ಕೊನೆಯ ಸಾಲಾಗಿ ಉಳಿಯುವುದಿಲ್ಲ. ಬರೆದವರೇ ಬೇಡವೆಂದ ಹಳೆಯವನ್ನು ಪ್ರದೀಪ್ ಅಳಿಸುವಾಗ ಇದನ್ನು ಬಿಟ್ಟು, ಇದು ಎಷ್ಟು ದಿನ ಬೇಕಾದರೂ ಇರಲಿ ಎಂದು ನನಗೆ ಬರೆದರು. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದರು. ಆದರೆ ಅವಳು ಬೇಡವೆಂದ ದೀಪ ಅದೇ ಆಗಿತ್ತು.

ಸಂಕ್ರಾಂತಿಯ ಮಾರನೆಯ ದಿನ ಮೊಳಕಾಲ್ಮೂರಿಗೆ ಹೋದೆ. ದುರುಗಕ್ಕ ಮಗ್ಗದಲ್ಲಿದ್ದರು. ಅದು ಕಾಯಿಲೆ ಬೀಳುವ ಮೊದಲು ಭಾನುವಾರಗಳಲ್ಲಿ ರುದ್ರಿ ನೇಯುತ್ತಿದ್ದ ನವಿಲುಬಣ್ಣದ ಸೀರೆ. ಅವಳ ನೇಯ್ಗೆ ಮುಗಿದಲ್ಲಿ ಬದಿಗೆ ಕೆಂಪು ಎಳೆ ಕಟ್ಟಿತ್ತು. ಅದರಾಚೆ ಒಂದು ಮೊಳ, ತಾಯಿಯ ಕೈ. ಪಕ್ಕದಲ್ಲಿ ಗ್ರಾಫ್ ಹಾಳೆಯ ಮೇಲೆ ಸೆರಗಿನ ಮೂಲೆಯನ್ನು ಬರೆದು ಒರೆಸಿ, ಮತ್ತೆ ಬರೆದು, ಕಾಗದ ಸವೆದು ಕಪ್ಪಾಗಿತ್ತು.

ನಾನು ಎಳೆಯನ್ನು ಮುಟ್ಟಿ, ಇದನ್ನು ಹೇಗೆ ಕಟ್ಟಿದಿರಿ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆ ತಿಳಿಯಿತು.

"ಅತ್ಕಂತಾನೇ ಕಟ್ಟಿದೆ ಅಮ್ಮಾಯಿ. ಕಟ್ಲಿಲ್ಲ ಅಂದ್ರೆ ಯಾವುದು ಅವಳದ್ದು, ಯಾವುದು ನಂದು ಅಂತ ಹೆಂಗೆ ಗೊತ್ತಾಗಬೇಕು? ಈಗ ನೋಡು, ಇಲ್ಲಿ ತನಕ ಅವಳು ಅದಾಳೆ."

ಚಳ್ಳಕೆರೆಗೆ ಬಂದ ದಿನವೇ 'ಸೆರಗು' ತೆರೆದು ಆ ಸಾಲು ಬರೆದೆ: ಕೈ ಬದಲಾಯಿತು, ರುದ್ರಿಯಿಂದ ತ್ರಿವೇಣಿಗೆ. ಆಮೇಲೆ ಅವಳ ಅರ್ಧ ಸಾಲಿನ ಮುಂದೆ ಬರೆಯತೊಡಗಿದೆ. ಎಡವಿದಲ್ಲಿ ಪ್ರದೀಪ್, ಆ ಕೇರಳದವರು ಜೊತೆಗೆ ನಿಂತರು. ಶಿವರಾತ್ರಿಯ ಹೊತ್ತಿಗೆ ಮೂಲೆ ತಿರುಗಿತು. ಎಲ್ಲರೂ ನೋಡಿ ಸರಿಯೆಂದ ಮೇಲೆ ಮುಖ್ಯಕ್ಕೆ ಸೇರಿತು.

ಸೇರಿದ ಬ್ರ್ಯಾಂಚಿನ ಹೆಸರನ್ನು ತೆಗೆದುಬಿಡುವುದು ನಮ್ಮಲ್ಲಿ ಪದ್ಧತಿ. ನಾನು ತೆಗೆಯಲೇ ಎಂದು ಪ್ರದೀಪ್ ಕೇಳಿದರು. ಬೇಡ, ಸೀರೆ ಇಳಿಯುವ ದಿನ ನಾನೇ ತೆಗೆಯುತ್ತೇನೆ ಎಂದೆ.

ಅಚ್ಚು ಹಾಕಿಸಿದ ಮೂಲೆಯ ಹಾಳೆಯನ್ನು ಹಿಡಿದು ಮತ್ತೆ ಮೊಳಕಾಲ್ಮೂರಿಗೆ ಹೋದೆ. ಚೌಕಗಳನ್ನು ದೊಡ್ಡದಾಗಿಯೇ ಹಾಕಿಸಿದ್ದೆ. ದುರುಗಕ್ಕ ಅದನ್ನು ಬಾಗಿಲ ಬೆಳಕಿಗೆ ಒಯ್ದು, ಕಣ್ಣಿನ ಹತ್ತಿರ ಹಿಡಿದು, ಅಂಚಿನಿಂದ ಸೆರಗಿನವರೆಗೆ ಬೆರಳಾಡಿಸಿದರು. ಮೂಲೆ ಬಂದಾಗ ಬೆರಳು ನಿಂತಿತು.

"ಗಿಳಿ ನೆಟ್ಟಗೈತೆ," ಅಂದರು.