ರಾಳ ಮೆತ್ತಿದ ಆಯಿಲ್ ಪ್ಯಾನ್

ಒಂದು ಡೋಜರಿನ ಆಯಿಲ್ ಪ್ಯಾನ್ ಬಿಚ್ಚಿಸಲು ನನಗೆ ತಗಲಿದ ಖರ್ಚು ಎಡಗೈ ಹೆಬ್ಬೆರಳಿನ ತುದಿ. ಉಗುರಿದ್ದ ಕಡೆ ಈಗ ಹುಣಸೆಬೀಜದಷ್ಟು ಒಂದು ಗಂಟಿದೆ. ಅಷ್ಟು ದುಬಾರಿ ಯಾಕಾಯಿತೆಂದರೆ, ನಾನು ಒಂದು ಗ್ಯಾಸ್ಕೆಟ್ಟಿನ ದುಡ್ಡು ಉಳಿಸಿದೆ, ಉಳಿಸಿದ್ದನ್ನು ಬಾಯಿಬಿಟ್ಟು ಹೇಳಲಿಲ್ಲ.

ವಯನಾಡು ಹೊಸ ಜಿಲ್ಲೆಯಾದ ಮರುವರ್ಷದ ಬೇಸಿಗೆ ಅದು. ಕಚೇರಿ, ಶಾಲೆ, ರಸ್ತೆ ಎಂದು ಎಲ್ಲಿ ನೋಡಿದರೂ ನೆಲ ಮಟ್ಟ ಮಾಡುವ ಕೆಲಸ. ಮೆಣಸು, ಶುಂಠಿ ವ್ಯಾಪಾರದಲ್ಲಿ ಕೂಡಿಟ್ಟದ್ದನ್ನೆಲ್ಲ ಸುರಿದು, ಗಡಿಯಾಚೆ ಅಣೆಕಟ್ಟೆಯ ಕೆಲಸ ಮುಗಿದು ಹರಾಜಿಗೆ ಬಂದಿದ್ದ ಹಳೆಯ ಡೋಜರೊಂದನ್ನು ತಂದಿದ್ದೆ. ನಮ್ಮ ಕಡೆಯವರಲ್ಲಿ ಅಂಥ ಯಂತ್ರ ಕೊಂಡವನು ನಾನೇ ಮೊದಲಿಗ, ಹೀಗಾಗಿ ಸ್ವಲ್ಪ ತಲೆ ತಿರುಗಿತ್ತು ಎಂದೇ ಇಟ್ಟುಕೊಳ್ಳಿ.

ಬಂದ ಹೊಸದರಲ್ಲೇ ಎಂಜಿನ್ನಿನ ತಳದ ಪ್ಯಾನು, ಅಂದರೆ ಎಣ್ಣೆ ನಿಲ್ಲುವ ಕಬ್ಬಿಣದ ತೊಟ್ಟಿ, ಅಂಚಿನಲ್ಲಿ ಜಿನುಗತೊಡಗಿತು. ಸಂದಿನಲ್ಲಿ ಎಣ್ಣೆ ಸೋರದಂತೆ ಕೂರಿಸುವ ಪಟ್ಟಿ, ಅದೇ ಗ್ಯಾಸ್ಕೆಟ್, ಹೊಸದು ಬೇಕಿದ್ದರೆ ಘಾಟಿ ಇಳಿದು ಕೋಝಿಕ್ಕೋಡಿಗೆ ಹೋಗಬೇಕು. ಅದರ ಬದಲು ನಾನು ಹೊಳೆ ದಡದ ಮರಕ್ಕಡವಿಗೆ ಹೋದೆ. ಅಲ್ಲಿ ಕಬಿನಿ ದಾಟಿಸುವ ದೋಣಿಗಾರ ಚಿಕ್ಕಣ್ಣ ದೋಣಿಯ ಬಿರುಕಿಗೆ ಧೂಪದ ಮರದ ರಾಳ ಕಾಯಿಸಿ ಮೆತ್ತುತ್ತಿದ್ದ. ಅವನಿಂದ ಒಂದು ಡಬ್ಬಿ ತಂದು, ರಟ್ಟು ಕತ್ತರಿಸಿ, ರಾಳ ಬಳಿದು ಬೋಲ್ಟ್ ಬಿಗಿದೆ. ಎರಡು ತಿಂಗಳು ಒಂದು ಹನಿ ಸೋರಲಿಲ್ಲ. ರಾಳ ಎಂಜಿನ್ನಿನ ಬಿಸಿಗೆ ಮೆತ್ತಗಾಗುವುದು, ತಣಿದಾಗ ಮತ್ತಷ್ಟು ಕಚ್ಚುವುದು, ಹೀಗೇ ನಡೆದಿರಬೇಕು.

ಮೀನಂಗಡಿಯ ಹತ್ತಿರ ಒಂದು ಗುಡ್ಡ ಮಟ್ಟ ಮಾಡುತ್ತಿದ್ದಾಗ ಎಂಜಿನ್ನಿನೊಳಗೆ ಟಕಟಕ ಶುರುವಾಯಿತು. ಬೇರಿಂಗ್ ನೋಡಬೇಕು, ನೋಡಬೇಕಾದರೆ ಪ್ಯಾನ್ ಇಳಿಸಲೇಬೇಕು. ಮಾನಂದವಾಡಿಯಿಂದ ಪೌಲೋಸ್ ಆಶಾನನ್ನು ಕರೆತಂದೆ. ಅಲ್ಲಿ ಕೈಪಳಗಿದ ಮೇಸ್ತ್ರಿಯನ್ನು ಆಶಾನ್ ಎನ್ನುತ್ತಾರೆ. ಅವನು ಗಡಿಯಾಚೆ ಕುಟ್ಟದ ಕಡೆ ದುಡಿದವನಾದ್ದರಿಂದ ಕನ್ನಡ ಚೆನ್ನಾಗಿತ್ತು. ಕೂಲಿ ಕೇಳಿದಾಗ ನಾನು, ಹಾಕಿರುವುದು ಕಂಪೆನಿ ಗ್ಯಾಸ್ಕೆಟ್, ಒಂದು ಗಂಟೆಯ ಕೆಲಸ ಎಂದು ಹೇಳಿ ಅರ್ಧಕ್ಕೆ ಇಳಿಸಿದೆ. "ಮುದಲಾಳಿ ಹೇಳಿದ್ರೆ ಆಯ್ತು" ಅಂದ. ಯಜಮಾನ ಎನ್ನುವ ಆ ಮಾತಿನಲ್ಲೇ ಒಂದು ಕುಟುಕು ಇತ್ತು.

ಡೋಜರಿನ ಹೊಟ್ಟೆಯಡಿ ಗುಂಡಿ ತೋಡಿ, ಎಣ್ಣೆ ಬಸಿದು, ಆಶಾನ್ ಅಂಗಾತ ಮಲಗಿ ಬೋಲ್ಟ್ ಬಿಚ್ಚಿದ. ಪ್ಯಾನ್ ತಟ್ಟನೆ ಬೀಳದಿರಲೆಂದು ಮೂಲೆಯ ಎರಡನ್ನು ಮಾತ್ರ ಸಡಿಲಿಸಿ ಅಲ್ಲೇ ಬಿಟ್ಟಿದ್ದ. ಮರದ ಸುತ್ತಿಗೆಯಲ್ಲಿ ತಟ್ಟಿದ, ಉಳಿ ತೂರಿಸಿದ. ಪ್ಯಾನ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಒಂದು ಗಂಟೆಯ ಕೆಲಸ ಮೂರು ಗಂಟೆ ಹಿಡಿದರೂ ಮುಗಿಯಲಿಲ್ಲ. ಆ ಎರಡು ಬೋಲ್ಟೇ ಹಿಡಿದುಕೊಂಡಿರುವುದು, ತೆಗೆದು ನೋಡು ಎಂದು ನಾನೇ ಹಂಗಿಸಿದೆ. ಅವನು ಅವನ್ನೂ ಬಿಚ್ಚಿ ನನ್ನ ಕೈಗೆ ಕೊಟ್ಟ. ಆಗಲೂ ಪ್ಯಾನ್ ಇಳಿಯಲಿಲ್ಲ. ಇಬ್ಬರು ಸೇರಿ ಹೊರಬೇಕಾದ ಕಬ್ಬಿಣ, ಅವನ ಎದೆಯ ಮೇಲೆ ಬರೀ ನನ್ನ ರಾಳದಿಂದ ನೇತಾಡುತ್ತಿತ್ತು.

ಆಶಾನ್ ಬ್ಲೋ ಲ್ಯಾಂಪ್ ಕೇಳಿದ. ಸೀಮೆಎಣ್ಣೆಯಲ್ಲಿ ಭುಸ್ಸೆಂದು ಉರಿಯುವ ದೀಪ ಅದು. ಅಂಚಿಗೆ ಬಿಸಿ ಮುಟ್ಟಿಸಿದರೆ ಗ್ಯಾಸ್ಕೆಟ್ ಮೆಲ್ಲಗೆ ಬಿಡುತ್ತದೆ ಎಂಬುದು ಅವನ ಲೆಕ್ಕ. ಹಚ್ಚುವ ಮೊದಲು ಒಮ್ಮೆ ಕೇಳಿದ: "ಕಂಪೆನಿ ಗ್ಯಾಸ್ಕೆಟೇ ಅಲ್ವಾ, ಮುದಲಾಳಿ?"

"ಹೌದು" ಅಂದೆ.

ಬೇಸಿಗೆಯಲ್ಲಿ ಜನ ಕಬಿನಿಯನ್ನು ನಡೆದೇ ದಾಟುವುದರಿಂದ ಚಿಕ್ಕಣ್ಣ ಆ ದಿನಗಳಲ್ಲಿ ನನ್ನ ಹತ್ತಿರ ಕೂಲಿಗಿದ್ದ. ಅವನು ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಅವನು ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ಸಿದ್ದಣ್ಣ, ಅವ್ನ್ಗೆ ನಿಜ ಏಳ್ಬುಡು. ಬೆಂಕಿ ಕಂಡ್ರೆ ರಾಳ ನಿಲ್ಲಾಕಿಲ್ಲ. ಕೆಳಗೆ ಮನ್ಸ ಅವ್ನೆ."

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಡಬ್ಬಿಯಲ್ಲಿ ರಾಳ ನೀರಾಗುವುದನ್ನು ಕಣ್ಣಾರೆ ಕಂಡವನು. ಆದರೂ ಒಳಗೇ ಲೆಕ್ಕ ಹಾಕಿದೆ. ಹೇಳಿದರೆ ಹೊಸ ಕೂಲಿ ಕೇಳುತ್ತಾನೆ, ಮಾನಂದವಾಡಿಯ ಪೇಟೆಯಲ್ಲೆಲ್ಲ ಹೇಳಿ ನಗುತ್ತಾನೆ, ನನ್ನ ಮಾತಿಗೆ ಬೆಲೆ ಹೋಗುತ್ತದೆ. ನಿಜ ಹೇಳುತ್ತೇನೆ, ಒಬ್ಬನ ಎದೆಯ ಮೇಲೆ ಕಬ್ಬಿಣ ತೂಗುತ್ತಿರುವಾಗ ನಾನು ಅದನ್ನೇ ಯೋಚಿಸುತ್ತಾ ನಿಂತಿದ್ದೆ.

ದೀಪ ಉರಿಯಿತು. ಒಂದೆರಡು ನಿಮಿಷಕ್ಕೆ ಧೂಪದ ವಾಸನೆ ಎದ್ದಿತು, ಪೂಜೆಗೆ ಹಾಕಿದ ಹಾಗೆ. ಗುಂಡಿಯೊಳಗಿಂದ ಆಶಾನ್, "ಇದೇನು ವಾಸನೆ?" ಅಂದ.

"ಆಶಾನೇ, ಅದು ರಾಳ. ಈಚೆಗೆ ಬಾ" ಎಂದು ಕೂಗಿದೆ. ಹೊತ್ತು ಮೀರಿತ್ತು. ಒಂದು ಮೂಲೆ ಆಗಲೇ ಬಿಟ್ಟಿತ್ತು. ಗುಂಡಿಯೊಳಗೆ ಬಗ್ಗಿ, ಕೈಗೆ ಸಿಕ್ಕ ಹಲಸಿನ ಮರದ ತುಂಡೊಂದನ್ನು ಅವನ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದೆ. ಅಷ್ಟರಲ್ಲಿ ಪ್ಯಾನ್ ಬಿತ್ತು. ಒಂದು ತುದಿ ಗುಂಡಿಯ ದಡದ ಮೇಲೆ, ಇನ್ನೊಂದು ತುದಿ ಆ ತುಂಡಿನ ಮೇಲೆ, ನಡುವೆ ನನ್ನ ಹೆಬ್ಬೆರಳು. ಆಶಾನನ ಎದೆಗೂ ಕಬ್ಬಿಣಕ್ಕೂ ಒಂದು ಗೇಣು ಉಳಿದಿತ್ತು.

ಚಿಕ್ಕಣ್ಣ ಹಾರೆ ಹಾಕಿ ಎತ್ತಿದ. ಆಶಾನ್ ತೆವಳಿ ಹೊರಬಂದು, ಉಟ್ಟಿದ್ದ ಮುಂಡು ಪಂಚೆಯ ಅಂಚು ಹರಿದು ನನ್ನ ಬೆರಳಿಗೆ ಸುತ್ತಿದ. ಮಾನಂದವಾಡಿ ಆಸ್ಪತ್ರೆಗೆ ಜೀಪಿನಲ್ಲಿ ಹೋಗುವಾಗ ಆಶಾನ್ ಹೇಳಿದ.

"ಮೊದ್ಲೇ ಹೇಳಿದ್ರೆ ಮೂಲೆಯ ಎರಡು ಬೋಲ್ಟು ಬಿಟ್ಕೊಂಡು, ಕುದಿಯೋ ನೀರಲ್ಲಿ ಗೋಣಿ ಅದ್ದಿ ಅಂಚಿಗೆ ಇಡ್ತಿದ್ದೆ. ಸುಲಭದ ಕೆಲಸ, ಮುದಲಾಳಿ. ಆ ಅರ್ಧ ಕೂಲಿಗೇ ಮಾಡ್ತಿದ್ದೆ."

ಆಮೇಲೆ ಎಷ್ಟೋ ಯಂತ್ರ ಕೊಂಡೆ, ಮಾರಿದೆ. ಧೂಪದ ವಾಸನೆ ಬಂದರೆ ಈಗಲೂ ಮೊದಲು ಆ ಗೇಣು ಜಾಗ ಕಣ್ಣಿಗೆ ಬರುತ್ತದೆ, ದೇವರು ಆಮೇಲೆ.

ಚೌಕಾಸಿ ಮಾಡಬೇಡಿ ಎಂದು ನಾನು ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಆದರೆ ರಿಪೇರಿಯವನಿಗೆ ಹಿಂದೆ ಏನು ಹಚ್ಚಿದ್ದೀರಿ, ಎಲ್ಲಿ ಕೈ ಹಾಕಿದ್ದೀರಿ ಎಂಬುದನ್ನು ಮೊದಲು ಹೇಳಿ, ದರದ ಮಾತು ಆಮೇಲೆ ಎತ್ತಿ. ಪ್ಯಾನ್ ಕಚ್ಚಿಕೊಂಡಿದ್ದರೆ ಕೆಳಗೆ ದಿಮ್ಮಿ ಕೊಟ್ಟು, ಎದುರು ಬದುರು ಮೂಲೆಯ ಎರಡು ಬೋಲ್ಟುಗಳನ್ನು ನಾಲ್ಕು ಸುತ್ತು ಮಾತ್ರ ಸಡಿಲಿಸಿ ಅಲ್ಲೇ ಇರಲಿ ಬಿಡಿ. ಯಜಮಾನ ಎಷ್ಟೇ ಅವಸರ ಮಾಡಿದರೂ ಅವೆರಡನ್ನು ತೆಗೆಯಬೇಡಿ. ಆ ಯಜಮಾನ ನೀವೇ ಆಗಿದ್ದರೆ, ಸ್ವಲ್ಪ ದೂರ ಹೋಗಿ ಒಂದು ಚಾ ಕುಡಿದು ಬನ್ನಿ.