ಅಕ್ಕನ ಗಾಳಿ

ನನ್ನ ತಂಗಿಗೆ ಸುಳ್ಳು ಹೇಳಿ ಮದುವೆಗೆ ಒಪ್ಪಿಸಿದವಳು ನಾನು. ಅವಳನ್ನು ಕೈಹಿಡಿದವನಿಗೂ ಸುಳ್ಳನ್ನೇ ಹೇಳಿದೆ. ಬಹಳ ವರ್ಷ ಬೆಟಗೇರಿಯ ನಮ್ಮ ಬಂಧುಬಳಗವೆಲ್ಲ ನನ್ನನ್ನು ‘ತಂಗಿಗೆ ಚೊಲೋ ಮನಿ ಹುಡುಕಿಕೊಟ್ಟಾಕಿ’ ಎಂದು ಹೊಗಳುವಾಗ ತಲೆ ತಗ್ಗಿಸಿ ನಿಂತಿದ್ದೇನೆ. ನಾಚಿಕೆಯ ಹುಡುಗಿ ಎಂದುಕೊಂಡರು. ನಾಚಿಕೆ ಹೌದು — ಆದರೆ ಅವರು ತಿಳಿದ ನಾಚಿಕೆಯಲ್ಲ.

ಈರಣ್ಣನ ಸಂಬಂಧ ಮೊದಲು ಬಂದದ್ದು ನನಗೆ. ಅಪ್ಪ ನೇಕಾರ, ಮನೆಯ ಪಡಸಾಲೆಯಲ್ಲಿ ಮಗ್ಗ, ಒಳಗೆ ಅವ್ವ, ನಾನು, ನನ್ನ ತಂಗಿ ಕಸ್ತೂರಿ. ಈರಣ್ಣ ಮುಂಡರಗಿಯ ಹುಡುಗ. ಸಿಂಗಟಾಲೂರಿನ ಕಡೆ ಹೊಳೆದಂಡೆಯ ಹೊಲಗಳಲ್ಲಿ ಪಂಪ್‌ಸೆಟ್ ರಿಪೇರಿ ಕಲಿತು, ಪರಿಚಯದವರ ಬೆನ್ನು ಹತ್ತಿ ಆಂಧ್ರದ ಕಾಕಿನಾಡಕ್ಕೆ ಹೋಗಿ, ಅಲ್ಲಿ ಮೀನುಗಾರರ ದೋಣಿಗಳ ಎಂಜಿನ್ ರಿಪೇರಿ ಮಾಡುವ ಅಂಗಡಿ ಹಾಕಿಕೊಂಡಿದ್ದ. ಕನ್ಯೆ ನೋಡಲು ಬಂದ ದಿನ ಹಿರಿಯರು ನಮ್ಮಿಬ್ಬರನ್ನೇ ಮಗ್ಗದ ಬಳಿ ಬಿಟ್ಟು ಹೊರಗೆ ಹೋದರು. ಅವನು ನನ್ನ ಓದು, ಹವ್ಯಾಸ ಏನನ್ನೂ ಕೇಳಲಿಲ್ಲ. ನೇರವಾಗಿ ಹೇಳಿದ:

“ನೋಡ್ರಿ, ಊರು ಚೊಲೋ ಐತಿ, ಮಂದೀನೂ ಚೊಲೋ. ಆದ್ರ ಸಮುದ್ರದಾಗ ಚಂಡಮಾರುತ ಏಳತಾವ. ಎಲ್ಲಾ ನಮ್ಮೂರಿಗೇ ಬರ್ತಾವಂತಲ್ಲ. ಬಂದ್ರ ಮಾತ್ರ ತಗಡು ಹಾರ್ತಾವ, ನೀರು ಓಣಿಯೊಳಗ ನುಗ್ತೈತಿ, ಮನಿ ಬಿಟ್ಟು ಹೋಗಬೇಕಾಗ್ತೈತಿ. ಅಂಜಿಕಿ ಇದ್ರ ಈಗ ಹೇಳಿಬಿಡ್ರಿ. ನಾ ತಪ್ಪು ತಿಳಿಯಂಗಿಲ್ಲ.”

ಅಂಥ ಪ್ರಾಮಾಣಿಕ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆದರೂ ನನ್ನ ಕಿವಿಗೆ ಬಿದ್ದದ್ದು ಗಾಳಿ ಮತ್ತು ನೀರು ಮಾತ್ರ. ಮನೆಯ ಮೇಲೆ ದೋಣಿ ಕುಳಿತ ಚಿತ್ರವೊಂದನ್ನು ಟಿವಿಯಲ್ಲಿ ನೋಡಿದ್ದೆ — ಅದೇ ಕಣ್ಣ ಮುಂದೆ ಬಂತು. ‘ನಾನು ಟೀಚರ್ ಆಗಬೇಕು, ಇನ್ನೂ ಓದುತ್ತೇನೆ’ ಎಂದು ಅಪ್ಪನಿಗೆ ಹೇಳಿ ತಪ್ಪಿಸಿಕೊಂಡೆ.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯಬೇಕಿರಲಿಲ್ಲ. ಈರಣ್ಣನ ತಾಯಿಗೆ ನಮ್ಮ ಮನೆತನ ಹಿಡಿಸಿತ್ತು. “ದೊಡ್ಡಾಕಿ ಓದ್ಲಿ ಬಿಡ್ರಿ, ಸಣ್ಣಾಕೀನ ಕೊಡ್ರಿ” ಎಂದು ಮತ್ತೆ ಕೇಳಿಕಳಿಸಿದರು. ಕಸ್ತೂರಿ ಅವನನ್ನು ಬಾಗಿಲ ಮರೆಯಿಂದ ನೋಡಿ ಮೆಚ್ಚಿಬಿಟ್ಟಿದ್ದಳು. ಮುಖ ನೋಡಿದರೇ ತಿಳಿಯುತ್ತಿತ್ತು. ಆಗ ಈರಣ್ಣ ನನಗೆ ಫೋನ್ ಮಾಡಿದ.

“ನೀವು ಯಾಕ ಬ್ಯಾಡ ಅಂದ್ರಿ ಅಂತ ನನಗ ಗೊತ್ತೈತ್ರಿ. ಇರ್ಲಿ. ನಿಮ್ಮ ತಂಗಿಗೆ ಮಾತ್ರ ಆ ಗಾಳಿ ವಿಷಯ ಪೂರಾ ತಿಳಿಸಿ ಹೇಳ್ರಿ. ನಾನಂದ್ರ ಸಂಕೋಚಕ್ಕ ಹೂಂ ಅಂದುಬಿಡ್ತಾರ. ನಿಮ್ಮ ಮುಂದ ಖರೆ ಹೇಳ್ತಾರ. ಮನಸ್ಸಿನಿಂದ ಒಪ್ಪಿದ್ರ ಅಷ್ಟ ಮಾತು ಮುಂದುವರಿಸೋಣ.”

ಹೇಳುತ್ತೇನೆ ಎಂದೆ. ಅದೇ ಸಂಜೆ ಮಾಳಿಗೆಯ ಮೇಲೆ ಬಟ್ಟೆ ತೆಗೆಯುವಾಗ ಕಸ್ತೂರಿಯೇ ಕೇಳಿದಳು — ಆ ಧ್ವನಿ ಇನ್ನೂ ಕಿವಿಯಲ್ಲಿದೆ —

“ಅಕ್ಕಾ, ಆ ಕಡೆ ಗಾಳಿ ಭಾಳ ಅಂತಾರಲ್ಲ. ಖರೆ ಏನ?”

ನಾನು ಹೇಳಿದೆ: “ಸಮುದ್ರ ಅವರ ಊರಿಗೆ ಎಷ್ಟೋ ದೂರ ಐತಿ. ಗಾಳಿ ನಮ್ಮ ಗುಡ್ಡದ ಗಾಳಿ ಇದ್ದಂಗ. ಸುಮ್ನ ಹೂಂ ಅನ್ನು.”

ನಮ್ಮ ಗುಡ್ಡದ ಗಾಳಿ! ಕಪ್ಪತಗುಡ್ಡದ ಮೇಲೆ ಕರೆಂಟು ತಯಾರಿಸುವ ಆ ದೊಡ್ಡ ಪಂಖಗಳನ್ನು ನಿಧಾನಕ್ಕೆ ತಿರುಗಿಸುವ ಗಾಳಿ. ಮರುದಿನ ಈರಣ್ಣನಿಗೆ ತಿಳಿಸಿದೆ: “ಎಲ್ಲಾ ಹೇಳೀನ್ರಿ. ಅಂಜಂಗಿಲ್ಲ ಅಂದ್ಲು.”

ಯಾಕೆ ಹಾಗೆ ಮಾಡಿದೆ? ಅವಳು ಬೇಡವೆಂದರೆ ಆ ಸಂಬಂಧ ತಿರುಗಿ ನನ್ನ ಬಳಿಗೇ ಬರುತ್ತದೆ ಎಂಬ ಭಯ — ಅಷ್ಟೇ. ಅವಳ ಸುಖಕ್ಕಾಗಿ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಇನ್ನೊಂದು ಸುಳ್ಳು.

ಮದುವೆಯಾಯಿತು. ಮುಂದೆ ನಾನೂ ಓದಿ ಶಿರಹಟ್ಟಿಯ ಶಾಲೆಯೊಂದರಲ್ಲಿ ಟೀಚರ್ ಆದೆ, ನನಗೂ ಮದುವೆಯಾಯಿತು. ಅದಕ್ಕೂ ಮೊದಲು, ಕಸ್ತೂರಿ ಹೋದ ಮೊದಲ ಮಳೆಗಾಲ ಮುಗಿಯುತ್ತಿದ್ದಂತೆ ಚಂಡಮಾರುತ ಎದ್ದಿತು. ಟಿವಿಯಲ್ಲಿ ಬಿಳಿಯ ಮೋಡದ ಚಕ್ರವೊಂದು ಆ ದಂಡೆಯ ಮೇಲೆ ತಿರುಗುತ್ತಿತ್ತು. ಕಸ್ತೂರಿಯ ಫೋನ್ ಹತ್ತಲಿಲ್ಲ. ಅವ್ವ ದೇವರ ಮುಂದೆ ಕುಳಿತಳು. ನಾನು ದೇವರ ಮುಖ ನೋಡುವ ಧೈರ್ಯವಿಲ್ಲದೆ ಮಾಳಿಗೆ ಹತ್ತಿ, ಸುಮ್ಮನೆ ಬೀಸುತ್ತಿದ್ದ ನಮ್ಮ ಊರಿನ ಗಾಳಿಯಲ್ಲಿ ನಿಂತು — ಏನು ಬೇಡಿಕೊಂಡೆನೋ ನೆನಪಿಲ್ಲ.

ಕೊನೆಗೂ ಫೋನ್ ಬಂತು. “ಅಕ್ಕಾ! ಆರಾಮ ಅದೀವಿ. ಗಾಳಿ ಅಂದ್ರ ಗಾಳಿ ನೋಡು, ತೆಂಗಿನ ಗಿಡ ನೆಲಕ್ಕ ನಮಸ್ಕಾರ ಮಾಡ್ತಿದ್ವು!” ಅವಳು ನಗುತ್ತಿದ್ದಳು. ನಾನು ಬಿಕ್ಕಿಬಿಕ್ಕಿ ಅತ್ತೆ. ‘ನನಗ್ಯಾಕ ಸುಳ್ಳು ಹೇಳಿದಿ’ ಎಂದು ಅವಳು ಕೇಳುತ್ತಾಳೆ ಎಂದು ಕಾದೆ. ಕೇಳಲಿಲ್ಲ. ಆಮೇಲೂ ಎಂದೂ ಕೇಳಲಿಲ್ಲ. ಕೇಳದಿರುವುದೇ ನನ್ನನ್ನು ಒಳಗೊಳಗೇ ಕೊರೆಯುತ್ತ ಬಂತು.

ಈ ವರ್ಷ ಅವರು ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಅವ್ವನ ಮೊಣಕಾಲು ಒಪ್ಪಲಿಲ್ಲ. ಅಪ್ಪ ಮತ್ತು ನಾನು ಹೊರಟೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕರದಂಟು — ಚೀಲ ತುಂಬ ಕಟ್ಟಿಕೊಂಡು. ನಾವು ಹೋಗಿ ಇಳಿದದ್ದೇ ತಡ, ಸಮುದ್ರದಲ್ಲಿ ಚಂಡಮಾರುತ ಎದ್ದಿದೆ, ದಂಡೆಯ ಓಣಿಗಳವರು ಮನೆ ಬಿಡಬೇಕು ಎಂದು ಮೈಕಿನಲ್ಲಿ ಕೂಗುತ್ತಾ ಜೀಪು ಬಂತು.

ಆಗ ನೋಡಬೇಕಿತ್ತು ನನ್ನ ತಂಗಿಯನ್ನು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳದಲ್ಲಿದ್ದ ಬಕೆಟ್ಟು, ತಗಡು, ಕುರ್ಚಿ ಎಲ್ಲ ಒಳಗೆ ಹಾಕಿಸಿದಳು. “ಹೊರಗ ಬಿಟ್ಟ ತಗಡು ಗಾಳ್ಯಾಗ ಕತ್ತಿ ಆಗ್ತೈತಿ ಅಕ್ಕಾ.” ಕುಡಿಯುವ ನೀರು ತುಂಬಿಸಿದಳು, ಫೋನ್ ಚಾರ್ಜ್ ಮಾಡಿಸಿದಳು, ಒಬ್ಬಳೇ ಇದ್ದ ಪಕ್ಕದ ಮನೆಯ ಮುದುಕಿಯನ್ನು ತೆಲುಗಿನಲ್ಲಿ ಗದರಿಸಿ ಹೊರಡಿಸಿದಳು. “ಹೊಸಾ ಮನಿ ಬಿಟ್ಟು ಹೋಗೂದ ಏನವಾ?” ಎಂದ ಅಪ್ಪನಿಗೆ, “ಅಪ್ಪಾ, ಗಾಳಿಕಿಂತ ನೀರು ಕೆಟ್ಟದ್ದು. ಮನಿ ಮತ್ತ ಕಟ್ಟಬಹುದು, ನಡೀರಿ” ಎಂದಳು. ಮಗ್ಗದ ಎಳೆ ಹರಿದರೆ ಅಳುತ್ತಿದ್ದ ಹುಡುಗಿ ಇವಳೇನಾ?

ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿದ ಆಸರೆ ಕಟ್ಟಡದಲ್ಲಿ ಓಣಿಗೆ ಓಣಿಯೇ ಸೇರಿತ್ತು. ಕಸ್ತೂರಿ ನನ್ನನ್ನು ತೋರಿಸಿ ತೆಲುಗಿನಲ್ಲಿ “ಮಾ ಅಕ್ಕ”, ನಮ್ಮಕ್ಕ, ಎಂದದ್ದೇ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ಗೊಳ್ಳೆಂದು ನಕ್ಕರು. ಯಾಕೆಂದು ತಿಳಿಯಲಿಲ್ಲ. ನಮ್ಮ ರೊಟ್ಟಿಯ ಗಂಟು ಬಿಚ್ಚಿತು. ಮೀನುಗಾರರ ಮಕ್ಕಳು ಒಣರೊಟ್ಟಿಯನ್ನು ಹಪ್ಪಳ ಎಂದುಕೊಂಡು ಕಟುಮ್ಮನೆ ಕಡಿದವು. ಅಪ್ಪ ತಮ್ಮ ಕನ್ನಡದಲ್ಲಿ, ಪಕ್ಕದ ಮುದುಕ ತನ್ನ ತೆಲುಗಿನಲ್ಲಿ, ಇಬ್ಬರೂ ಬಲು ಚೆನ್ನಾಗಿ ಮಾತಾಡಿಕೊಂಡರು. ಹೊರಗೆ ಗಾಳಿ ಕಿಟಕಿ ಬಡಿಯುತ್ತಿತ್ತು. ನಾನು ಬದುಕಿನುದ್ದಕ್ಕೂ ಹೆದರಿದ್ದ ಸದ್ದು ಅದು — ಆ ಸದ್ದಿನ ನಡುವೆ ಜನ ಹಾಡುತ್ತಿದ್ದರು.

ಮಧ್ಯಾಹ್ನ ಗಾಳಿ ಒಮ್ಮೆಲೇ ನಿಂತಿತು. ಬಿಸಿಲು ಕೂಡ ಇಣುಕಿತು. ಮುಗಿಯಿತೆಂದು ನಾನು ಮೆಟ್ಟಿಲ ಕಡೆ ಎದ್ದೆ. ಈರಣ್ಣ ಅಡ್ಡ ನಿಂತ. “ಅಕ್ಕಾರ, ಕುಂಡ್ರಿ. ಇದು ಚಂಡಮಾರುತದ ನಡುವಿನ ಜಾಗ. ಇನ್ನ ಆ ಕಡೆಯಿಂದ ತಿರುಗಿ ಬೀಸ್ತೈತಿ. ಈ ಹೊತ್ತಿನಾಗ ಹೊರಗ ಹೋದವರ ಭಾಳ ಮಂದಿ ಗಾಳಿಗೆ ಸಿಕ್ಕು ಸಾಯ್ತಾರ.”

ಕುಳಿತೆ. ಆ ವಿಚಿತ್ರ ಮೌನದಲ್ಲಿ, ಅವರಿಬ್ಬರೂ ನನ್ನ ಎದುರಿಗೇ ಇದ್ದಾಗ — ಇನ್ನು ತಡೆಯಲು ಆಗಲಿಲ್ಲ. “ಕಸ್ತೂರಿ, ಮದುವಿ ಮೊದ್ಲ ಈರಣ್ಣ ಎಲ್ಲಾ ಖರೆ ಹೇಳಿದ್ರು. ನಾನ ನಿನಗ ಮುಚ್ಚಿಟ್ಟೆ. ಅವರ ಮುಂದೂ ಸುಳ್ಳು ಹೇಳಿದೆ...”

ಗಂಡ ಹೆಂಡಿರು ಮುಖ ಮುಖ ನೋಡಿಕೊಂಡರು. ಕಸ್ತೂರಿ ಬಾಯಿಗೆ ಸೆರಗು ಒತ್ತಿ ನಗತೊಡಗಿದಳು.

“ಅದು ಮೊದಲನೇ ಗಾಳ್ಯಾಗ ಗೊತ್ತಾತು ಅಕ್ಕಾ! ‘ಒಂದು ಮಾತು ಹೇಳಬಾರದಾಗಿತ್ತೇನು’ ಅಂತ ನಾ ಇವರ ಮ್ಯಾಲ ಹಾರಿದೆ. ‘ಅಕ್ಕ ಹೇಳ್ಯಾರಲ್ಲ’ ಅಂದ್ರು ಇವರು. ಅಷ್ಟ! ಅವತ್ತಿಂದ ನಮ್ಮನ್ಯಾಗ ಚಂಡಮಾರುತಕ್ಕ ಬ್ಯಾರೆ ಹೆಸರ ಇಲ್ಲ. ‘ಅಕ್ಕನ ಗಾಳಿ ಬಂತು’ ಅಂತೀವಿ. ಈ ಓಣಿ ಮಂದೀನೂ ಹಂಗ ಅಂತಾರ.”

ಹೆಂಗಸರು ನಕ್ಕದ್ದು ಅದಕ್ಕೆ. ಈರಣ್ಣನೂ ನಕ್ಕ, ನಾನೂ ಅಳುತ್ತಲೇ ನಕ್ಕೆ. ಗಾಳಿ ಆ ಕಡೆಯಿಂದ ಮತ್ತೆ ಬೀಸತೊಡಗಿತು.

“ಮತ್ತ ಯಾಕ ಒಮ್ಮೆನೂ ಕೇಳಲಿಲ್ಲ?” ಎಂದೆ.

“ಮೊದ್ಲ ಆರಾಮ ಅದೀವಿ ಅಂತ ನಕ್ಕೋತ ಹೇಳಿ, ಆಮ್ಯಾಲ ಬೈಬೇಕಂತನ ಫೋನ್ ಹಚ್ಚಿದ್ದೆ. ನೀ ಹಂಗ ಅತ್ತಿ. ಬೈಯಾಕ ಮನಸಾಗಲಿಲ್ಲ. ನೀನ ಹೇಳ್ಲಿ ಅಂತ ಬಿಟ್ಟೆ.” ನಗು ನಿಲ್ಲಿಸಿ ನನ್ನ ಕೈ ಹಿಡಿದಳು. “ಆದ್ರ ಅಕ್ಕಾ, ನೀ ಖರೆ ಹೇಳಿದ್ರೂ ನಾ ಹೂಂ ಅಂತಿದ್ದೆ. ಇವರನ್ನ ಕಂಡ ಕೂಡ್ಲೆ ಮನಸಾಗಿತ್ತು. ಎಲ್ಲಾ ತಿಳದು, ಅಂಜಿಕಿ ನುಂಗಿ, ನಾನ ಹೂಂ ಅಂದು ಬರೂದಿತ್ತು. ಅದೊಂದು ನನಗ ಸಿಗಲಿಲ್ಲ ನೋಡು.”

ಸಿಟ್ಟಿಲ್ಲದೆ ಹೇಳಿದಳು. ಸಿಟ್ಟಿನಲ್ಲಿ ಹೇಳಿದ್ದರೆ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ಗಾಳಿ ಹೋಯಿತು. ಹೊಸ ಮನೆ ನಿಂತಿತ್ತು. ಒಳಗೆಲ್ಲ ಕೆಸರು, ಹೊಸಿಲ ಬಳಿ ಎಲ್ಲಿಂದಲೋ ಹಾರಿಬಂದ ಯಾರದೋ ಮನೆಯ ಹಂಚಿನ ಚೂರು. ಆಸರೆ ಕಟ್ಟಡದ ಹೆಂಗಸರೇ ಬಂದು ಕೊಡ ಕೊಡ ನೀರು ಸುರಿದು ತೊಳೆದರು. ಕಸ್ತೂರಿ ಒಲೆ ಹಚ್ಚಿದಳು, ಹಾಲು ಉಕ್ಕಿತು, ಕೆಸರಿನ ಕಾಲಲ್ಲೇ ಎಲ್ಲರೂ ಕೇಕೆ ಹಾಕಿದರು. ಅಷ್ಟು ಸಂತೋಷದ ಗೃಹಪ್ರವೇಶವನ್ನು ನಾನು ಎಲ್ಲೂ ನೋಡಿಲ್ಲ.

ಊರಿಗೆ ಮರಳಿ ಎಲ್ಲ ಹೇಳಿದಾಗ, ‘ನೀನು ಸುಳ್ಳು ಹೇಳಿದ್ದರಿಂದಲೇ ಅಲ್ಲವೇ ಅವಳಿಗೆ ಇಂಥ ಬಾಳು ಸಿಕ್ಕಿದ್ದು’ ಎಂದು ನನ್ನ ಗಂಡ ಸಮಾಧಾನ ಮಾಡಿದರು. ನಾನು ಒಪ್ಪಲಿಲ್ಲ. ಆ ಬಾಳನ್ನು ಅವಳೂ ಅವನೂ ಗಾಳಿಗೆ ಎದೆಕೊಟ್ಟು ಕಟ್ಟಿಕೊಂಡರು. ಅದರಲ್ಲಿ ನನ್ನದೇನೂ ಇಲ್ಲ. ನನ್ನದೆಂದು ಇರುವುದು ಅವಳಿಂದ ನಾನು ಕಸಿದುಕೊಂಡ ಆ ಒಂದು ‘ಹೂಂ’ ಮಾತ್ರ.

ಅಪ್ಪ ಆಸರೆ ಕಟ್ಟಡದಲ್ಲಿ ಎಲ್ಲ ಕೇಳಿಸಿಕೊಂಡೂ ಬಾಯಿ ಬಿಟ್ಟಿಲ್ಲ. ಅವ್ವನಿಗೆ ಇನ್ನೂ ಗೊತ್ತಿಲ್ಲ. ಮೊನ್ನೆಯೂ ಬಾಗಿಲಿಗೆ ಬಂದ ನೆರೆಮನೆಯವಳ ಮುಂದೆ, “ನಮ್ಮ ದೊಡ್ಡಾಕಿ ಕೂಡಿಸಿದ ಸಂಬಂಧರೀ ಅದು” ಎಂದು ಹೇಳಿಕೊಂಡಳಂತೆ. ಭಾನುವಾರ ಬೆಟಗೇರಿಗೆ ಹೋಗುತ್ತೇನೆ. ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತು ಎಲ್ಲ ಹೇಳುತ್ತೇನೆ. ಬೈಯುತ್ತಾಳೆ. ಬೈಯಲಿ — ಪೂರ್ತಿ ಬೈದು ಮುಗಿಸುವವರೆಗೆ ಏಳುವುದಿಲ್ಲ.