ಸುಹಾಸಿನಿ ಕಾಕು ತಮ್ಮ ತಿಥಿ ಊಟ ಹಾಕಿದ್ದು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾನು ಬಾಡಿಗೆಗಿರುವ ಮನೆಯ ಕೆಳಗಡೆ, ಓಣಿಗೆಲ್ಲ ಚಿಕ್ಕಮ್ಮನಂತಿರುವ ಸುಹಾಸಿನಿ ಕಾಕು ಇರುತ್ತಾರೆ. ಮಾತೆತ್ತಿದರೆ ಕ್ಷಮಿಸಿಬಿಡುವ ಹೆಂಗಸಲ್ಲ. ಅದಕ್ಕೇ ನನಗೆ ಅವರೆಂದರೆ ಪ್ರೀತಿ. ದೊಡ್ಡ ಮನಸ್ಸು ಮಾಡಿ, ಬಿಟ್ಟುಬಿಡಿ ಎಂದು ಬುದ್ಧಿ ಹೇಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಪೆಟ್ಟು ತಿಂದವರು ಅವರಲ್ಲ ತಾನೇ, ಅವರ ಗಂಟೇನು ಹೋಗುತ್ತದೆ?

ಗಂಡ ತ್ರ್ಯಂಬಕರಾಯರು ತೀರಿಕೊಂಡ ಮೇಲೆ ಕಾಕು ಅಡಿಗೆಯ ಕೆಲಸಕ್ಕೆ ಇಳಿದರು. ಹಾಸ್ಟೆಲ್ ಹುಡುಗರಿಗೂ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕೂತವರಿಗೂ ದಿನಾ ಊಟದ ಡಬ್ಬಿ ಹೋಗುತ್ತದೆ. ಮುಂಜಿವೆ, ಸೀಮಂತ, ತಿಥಿ ಎಂದು ಯಾರು ಕರೆದರೂ ಹೋಗಿ ಅಡಿಗೆ ಮಾಡಿಕೊಡುತ್ತಾರೆ. ಜೊತೆಗೆ ಇರುವವನು ಒಬ್ಬನೇ ಮಗ, ಸಂಕೇತ.

ಸಂಕೇತನಿಗೆ ಕಾಲೇಜಿನಲ್ಲಿದ್ದಾಗ ತಲೆಯ ಕಾಯಿಲೆ ಶುರುವಾಯಿತು. ಯಾರೂ ಇಲ್ಲದ ಕಡೆ ದನಿಗಳು ಕೇಳುತ್ತಿದ್ದವು. ಹುಬ್ಬಳ್ಳಿಯಲ್ಲಿ ಇದಕ್ಕೆ ಹುಚ್ಚು ಎನ್ನುವಷ್ಟೂ ಕಷ್ಟಪಡುವುದಿಲ್ಲ. "ಇವನ್ನ ಧಾರವಾಡಕ್ಕ ಕಳಸ್ರಿ" ಎಂದು ನಕ್ಕುಬಿಡುತ್ತಾರೆ, ಹುಚ್ಚಾಸ್ಪತ್ರೆ ಅಲ್ಲಿದೆ ಎಂದು. ಕಾಕು ನಗುವವರ ಮುಂದೆಯೇ ಮಗನನ್ನು ಬಸ್ಸು ಹತ್ತಿಸಿಕೊಂಡು ಧಾರವಾಡಕ್ಕೆ ಹೋದರು. ಗುಳಿಗೆ ಹಿಡಿಸಿತು. ಹುಡುಗ ನಿಧಾನಕ್ಕೆ ಚೇತರಿಸಿಕೊಂಡ. ಮುಂಜಾನೆ ಎದ್ದು ತಾಯಿಗೆ ಈಳಿಗೆಯಲ್ಲಿ ಕಾಯಿಪಲ್ಲೆ ಹೆಚ್ಚಿಕೊಟ್ಟು, ಸ್ಕೂಟರ್ ಮೇಲೆ ಡಬ್ಬಿ ಮುಟ್ಟಿಸಿ ಬರುತ್ತಿದ್ದ. ಬದನೆಕಾಯಿ ಹೆಚ್ಚುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಇಷ್ಟರಲ್ಲಿ ಮಿಲಿಂದ ಬಂದ. ಧಾರವಾಡದ ದೊಡ್ಡ ಮನೆತನದವನು, ಪುಣೆಯಲ್ಲಿ ಸಿನಿಮಾ ಕಲಿತವನು. ಕತೆ ಬರೆಯಲು ನಮ್ಮ ಓಣಿಯಲ್ಲೇ ರೂಮು ಮಾಡಿದ್ದ, ಊಟ ಕಾಕು ಮನೆಯಲ್ಲಿ. ಮಾತು ಬೆಣ್ಣೆ. "ಕಾಕು, ನಿಮ್ಮ ಕೈ ಸಾರು ಉಂಡ್ರ ನನಗ ನಮ್ಮ ಅಜ್ಜಿ ನೆನಪಾಗ್ತಾಳ್ರೀ" ಎಂದರೆ ಯಾವ ಹೆಂಗಸು ಕರಗುವುದಿಲ್ಲ? ಕಾಕುವೂ ಕರಗಿದರು. ಒಂದು ದಿನ ಮಜ್ಜಿಗೆ ಬಡಿಸುತ್ತ, ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದರು.

ಕಾಯಿಲೆ ಏರಿದ್ದ ಕಾಲದಲ್ಲಿ ಒಂದು ಮಧ್ಯಾಹ್ನ ಕಾಕು ಅಡಿಗೆಮನೆಯಲ್ಲಿದ್ದರು. ತಿರುಗಿ ನೋಡಿದರೆ ಹೊಸ್ತಿಲ ಮೇಲೆ ಸಂಕೇತ, ಮಡಿಲಲ್ಲಿ ಈಳಿಗೆ. ಯಾರೋ ಬಂದು ಅವ್ವನನ್ನು ಎತ್ತಿಕೊಂಡು ಹೋಗುತ್ತಾರೆಂದು ದನಿಗಳು ಹೇಳಿದ್ದವಂತೆ. ಹುಡುಗ ಬಾಗಿಲಿಗೆ ಮುಖ ಮಾಡಿ, ತಾಯಿಗೆ ಬೆನ್ನು ಕೊಟ್ಟು, ಕಾವಲು ಕೂತಿದ್ದ. ಸಂಜೆಯವರೆಗೆ ಕದಲಲಿಲ್ಲ.

ಮಿಲಿಂದನ ಸಿನಿಮಾ ಬಂತು. ಕಾಯಿಲೆಯ ಹುಡುಗ, ಡಬ್ಬಿ ಊಟದ ತಾಯಿ, ಅದೇ ಹೊಸ್ತಿಲು, ಅದೇ ಈಳಿಗೆ. ಕೊನೆಯಲ್ಲಿ ಹುಡುಗ ಆ ಈಳಿಗೆಯಿಂದ ತಾಯಿಯನ್ನು ಕೊಲ್ಲುತ್ತಾನೆ. ಪೇಪರಿನವರು ಹೊಗಳಿದ್ದೇ ಹೊಗಳಿದ್ದು, ಎದೆ ನಡುಗಿಸುವ ಅಂತ್ಯ ಎಂದು.

ಓಣಿಯವರಿಗೆ ಅದು ಯಾರ ಮನೆ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಹಾಸ್ಟೆಲ್ಲಿನವರು, ಡಬ್ಬಿ ನಾವೇ ಬಂದು ಒಯ್ಯುತ್ತೇವೆ, ಹುಡುಗನನ್ನು ಕಳಿಸಬೇಡಿ ಎಂದರು. ಕಾಕು ಅದನ್ನೂ ನುಂಗಿಕೊಂಡರು. ನುಂಗಲಾಗದ್ದು ಬೇರೆ ಇತ್ತು. ಸಂಕೇತ ಮೊಬೈಲಿನಲ್ಲಿ ಆ ಸಿನಿಮಾ ನೋಡಿದ, ಮತ್ತೆ ಮತ್ತೆ ನೋಡಿದ. ಆಮೇಲೆ ಈಳಿಗೆಯನ್ನು ಧೋತರದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಅಡಿಗೆಮನೆಗೆ ಕಾಲಿಡುವುದನ್ನೇ ಬಿಟ್ಟ.

"ಅವ್ವಾ, ನನ್ನ ಖೋಲಿಗೆ ಹೊರಗಿನಿಂದ ಚಿಲಕಾ ಹಾಕ್ತಾ ಹೋಗು," ಎಂದ. "ನಾ ಖರೇನ ಕಾಯಲಿಕ್ಕೆ ಕೂತಿದ್ನೋ ಇಲ್ಲೋ, ನನಗ ಈಗ ನೆನಪಾಗವಲ್ತು."

ಕಾಕು ಇದನ್ನು ನನಗೆ ಹೇಳುವಾಗ ಅಳಲಿಲ್ಲ. "ನನ್ನ ಕೂಸಿನ ಕಡೆಯಿಂದ ಅವನ ನೆನಪ ಕಸಗೊಂಡಾನ ಆ ಭಾಡ್ಯಾ. ಅವನ ಬಾಯಿಂದನ ತಿರುಗಿ ಕೊಡಸ್ತೇನಿ" ಎಂದರು. ಆ ಕಣ್ಣುಗಳನ್ನು ನೋಡಿ, ನಾನು ಮಿಲಿಂದನಾಗಿ ಹುಟ್ಟಲಿಲ್ಲವಲ್ಲ ಎಂದು ಸಮಾಧಾನಪಟ್ಟೆ.

ಬೇಟೆ ತಾನಾಗಿಯೇ ಬಂತು. ಸಿನಿಮಾಕ್ಕೆ ಎಲ್ಲಿಯದೋ ಪ್ರಶಸ್ತಿ ಸಿಕ್ಕಿ, ಧಾರವಾಡದ ಸಭಾಗೃಹವೊಂದರಲ್ಲಿ ಸತ್ಕಾರ ಇಟ್ಟುಕೊಂಡರು. ಮಿಲಿಂದನೇ ಫೋನು ಮಾಡಿದ. ಮಾಡಿದ್ದು ತಪ್ಪು ಎಂಬ ಗುಮಾನಿಯೂ ಅವನಿಗಿರಲಿಲ್ಲ, ನೋಡಿ.

"ಕಾಕು, ಊಟ ನಿಮ್ಮ ಕೈದs ಆಗಬೇಕ್ರೀ. ಏನ ಮಾಡಬೇಕು ಅನ್ನೋದು ನಿಮಗ ಬಿಟ್ಟದ್ದು."

"ನನಗ ಬಿಟ್ಟದ್ದಲ್ಲಾ? ಆತಪಾ," ಎಂದು ಕಾಕು ಫೋನಿಟ್ಟು, ಬಹಳ ದಿನಗಳ ಮೇಲೆ ನಕ್ಕರು.

ಸತ್ಕಾರದ ದಿನ ಸಂಕೇತನನ್ನು ಬಿಡದೆ ಎಬ್ಬಿಸಿಕೊಂಡು ಹೊರಟರು. ಅವನು ಪಾತ್ರೆ ಇಳಿಸಿಕೊಟ್ಟು ಗೋಡೆಗೆ ಆತು ನಿಂತ. ಹಾರ, ತುರಾಯಿ, ಭಾಷಣ ಎಲ್ಲ ಮುಗಿದು ಪಂಕ್ತಿ ಕೂತಿತು. ನಾನೂ ಸೊಂಟಕ್ಕೆ ಟವೆಲ್ ಕಟ್ಟಿ ಬಡಿಸಲು ನಿಂತೆ. ಎಲೆಗೆ ಮೊದಲು ಎಳ್ಳುಂಡೆ ಬಂತು. ಆಮೇಲೆ ಹಾಗಲಕಾಯಿ. ಆಮೇಲೆ ಪಾಯಸ, ಪಾಯಸದ ಪಕ್ಕ ಉದ್ದಿನ ವಡೆ. ಬೆಂಗಳೂರಿನಿಂದ ಬಂದವರು ಛಲೋ ಇದೆ ಎಂದು ಕೈ ಹಾಕಿದರು. ಧಾರವಾಡದ ಹಿರಿಯರ ಕೈ ಅಲ್ಲಲ್ಲೇ ನಿಂತಿತು. ಇಂಥ ಎಲೆ ಯಾವ ಮನೆಯಲ್ಲಿ ಬೀಳುತ್ತದೆಂದು ಅವರಿಗೆ ಗೊತ್ತು.

ಮಿಲಿಂದನ ಪಕ್ಕ ಅವನ ತಾಯಿ ಕೂತಿದ್ದರು, ಮಗನಿಂದ ಕಾಕುವಿನ ಹೆಸರು ಕೇಳಿದ್ದವರು. ಅವರೇ ಕೇಳಿದರು: "ಸುಹಾಸಿನಿ, ಇದೇನವಾ? ತಿಥಿ ಅಡಿಗಿ ಮಾಡೀಯಲ್ಲ. ಯಾರು ಹೋದ್ರು?"

"ನಾನರೀ ವೈನಿ," ಎಂದರು ಕಾಕು, ವಡೆಯ ಬುಟ್ಟಿ ಹಿಡಿದುಕೊಂಡೇ. "ನಿಮ್ಮ ಮಗಾ ಸಿನಿಮಾದಾಗ ನನ್ನ ಕೊಲ್ಲಿಸ್ಯಾನಲ್ಲ. ಸತ್ತ ಮ್ಯಾಲೆ ಊಟ ಹಾಕಬೇಕಲ್ಲ್ರೀ? ಮಗಾ ಹಾಕಬೇಕು, ಖರೆ. ಆದರ ಕೊಂದಾವ ಅವನಂತ. ಅದಕ್ಕ ನಾನs ಹಾಕ್ಲಿಕತ್ತೇನಿ."

ಬೆಂಗಳೂರಿನವರೂ ಕಚ್ಚಿದ ವಡೆಯನ್ನು ಎಲೆಗೆ ಇಳಿಸಿದರು. ನನ್ನ ಹೊಟ್ಟೆ ತಣ್ಣಗಾಯಿತು.

ಮಿಲಿಂದ ಕೆಂಪಾದ. "ಕಾಕು, ಅದು ಸಿನಿಮಾರೀ. ಯಾರ ಹೆಸರೂ ತೊಗೊಂಡಿಲ್ಲ."

"ಹೆಸರ ಬಿಟ್ಟು ಉಳದದ್ದೆಲ್ಲಾ ತೊಗೊಂಡೀಯಪಾ."

ಆಗ ಗೋಡೆಯ ಕಡೆಯಿಂದ ಸಂಕೇತ ಬಂದ. ಕಾಕು ಮಗನ ಕಡೆ ನೋಡಲಿಲ್ಲ, ಅವನು ಬರಲಿ ಎಂದೇ ಕಾದಿದ್ದರೇನೋ. ಹುಡುಗ ಮಿಲಿಂದನ ಎಲೆಯ ಎದುರು ಕುಕ್ಕರುಗಾಲಲ್ಲಿ ಕೂತ.

"ನಾ ಅವತ್ತ ಬಾಗಲದಾಗ ಯಾಕ ಕೂತಿದ್ದೆ? ಅವ್ವ ನಿನಗ ಏನ ಹೇಳಿದ್ಲು?"

ಮಿಲಿಂದ ಅತ್ತ ಇತ್ತ ನೋಡಿದ. ತಾಯಿ ಅವನನ್ನೇ ನೋಡುತ್ತಿದ್ದರು. "ಯಾರೋ ಕಾಕುನ್ನ ಒಯ್ಲಿಕ್ಕೆ ಬರ್ತಾರಂತ... ನೀ ಕಾಯ್ಲಿಕತ್ತಿದ್ದಿ ಅಂತ ಹೇಳಿದ್ರು."

"ಮತ್ತ ಯಾಕ ಕೊಲ್ಲಿಸಿದಿ?"

"ಕತಿ ಮುಗಸಬೇಕಾಗಿತ್ತೋ. ಬರೇ ಕಾಯ್ಕೊಂಡು ಕೂತ್ರ ಯಾರ ನೋಡ್ತಾರ?"

"ಹಂಗಾದ್ರ ನಾ ಕಾಯ್ಲಿಕತ್ತಿದ್ದೆ."

"ಹೂಂ."

"ಎಲ್ಲಾರಿಗೂ ಕೇಳೋಹಂಗ ಹೇಳು."

ಮಿಲಿಂದ ತಲೆ ತಗ್ಗಿಸಿದ. ಅವನ ತಾಯಿ, "ಹೇಳೋ" ಎಂದರು. "ಇಂವಾ ತಾಯೀನ್ನ ಕಾಯ್ಲಿಕತ್ತಿದ್ದ," ಎಂದು ಅವನು ಜೋರಾಗಿಯೇ ಹೇಳಿದ. ಸಂಕೇತ ಉಸಿರು ಬಿಟ್ಟ. ಎಷ್ಟು ದಿನ ಆ ಉಸಿರು ಒಳಗೇ ಇತ್ತೋ.

"ತಪ್ಪಾತ್ರೀ ಕಾಕು. ಕ್ಷಮಾ ಮಾಡ್ರಿ," ಎಂದು ಮಿಲಿಂದ ಏಳಲು ಹೋದ.

"ಮಾಡಂಗಿಲ್ಲ. ಕೂಡು, ಉಣ್ಣು."

ಕೂತ. ಒಂದು ತುತ್ತು ಎತ್ತಿ ಬಾಯಿಗಿಟ್ಟುಕೊಂಡ. ನುಂಗುವುದು ಸಲೀಸಾಗಿರಲಿಲ್ಲ, ನಾನು ಎದುರಿಗೇ ನಿಂತು ಮನಸಾರೆ ನೋಡಿದೆ. ಅಷ್ಟರಲ್ಲಿ ಸಂಕೇತ ಎದ್ದು ಬಂದು ನನ್ನ ಕೈಯಿಂದ ಪಾಯಸದ ಪಾತ್ರೆ ಇಸಿದುಕೊಂಡ.

"ತರ್ರಿಲ್ಲೆ. ನಮ್ಮವ್ವನ ತಿಥಿ, ಮಗಾ ನಾ ಇದ್ದೇನಿ. ನಾನs ಬಡಸಬೇಕು," ಎಂದು ಮಿಲಿಂದನ ಎಲೆಗೆ ಸೌಟಿನ ಮೇಲೆ ಸೌಟು ಸುರಿಯತೊಡಗಿದ.

ಸತ್ತ ಕಾಕು ಪಕ್ಕದಲ್ಲೇ ನಿಂತು, "ಇನ್ನಷ್ಟು ಹಾಕು," ಎಂದರು.